ಜಾಮೀನಿಲ್ಲದ ಸ್ವಾಯತ್ತತೆ

1989ರ ಮಾರ್ಚ್ 23ರಂದು ಪ್ರಿಶ್ತಿನಾದ ಶಾಸನಸಭೆಯನ್ನು ಶಸ್ತ್ರಸಜ್ಜಿತ ವಾಹನಗಳು ಸುತ್ತುವರಿದಿದ್ದವು. ಯುಗೊಸ್ಲಾವಿಯಾದ ಸೆರ್ಬಿಯಾ ಗಣರಾಜ್ಯದೊಳಗಿನ ಕೊಸೊವೊ ಪ್ರಾಂತದ ಅಧಿಕಾರವನ್ನು ಮೊಟಕುಮಾಡುವ ತಿದ್ದುಪಡಿಗಳಿಗೆ ಆ ಪ್ರಾಂತದ ಸದಸ್ಯರೇ ಒಳಗೆ ಕುಳಿತು ಒಪ್ಪಿಗೆ ಕೊಡಬೇಕಿತ್ತು. ಕೊಟ್ಟರು. ಐದು ದಿನ ಕಳೆದು ಬೆಲ್‌ಗ್ರೇಡ್‌ನಲ್ಲಿ ಸೆರ್ಬಿಯಾದ ಶಾಸನಸಭೆ ಅದಕ್ಕೆ ಮೊಹರು ಒತ್ತಿತು. 1974ರ ಯುಗೊಸ್ಲಾವ್ ಸಂವಿಧಾನ ಕೊಸೊವೊಗೆ ಸ್ವಂತ ಪೊಲೀಸು, ಸ್ವಂತ ನ್ಯಾಯಾಲಯಗಳನ್ನು ಕೊಟ್ಟಿತ್ತು. ಒಕ್ಕೂಟದ ಅಧ್ಯಕ್ಷ ಮಂಡಳಿಯಲ್ಲಿ ಒಂದು ಕುರ್ಚಿಯನ್ನೂ ಕೊಟ್ಟಿತ್ತು. ಹದಿನೈದು ವರ್ಷಕ್ಕೆ ಅದರ ಆಯಸ್ಸು ಮುಗಿಯಿತು. ಕುರ್ಚಿಯೇನೋ ಉಳಿಯಿತು, ಆದರೆ ಅದರಲ್ಲಿ ಯಾರು ಕೂರಬೇಕೆಂಬುದನ್ನು ಬೆಲ್‌ಗ್ರೇಡೇ ನಿರ್ಧರಿಸತೊಡಗಿತು.

ಅಲ್ಲಿಂದ ಮುಂದಿನ ಹತ್ತು ವರ್ಷ, ಅದರಲ್ಲೂ 1998–99ರ ಯುದ್ಧದ ತಿಂಗಳುಗಳಲ್ಲಿ, ಕೊಸೊವೊದ ಸ್ಥಾನಮಾನ ಏನಾಗಬೇಕೆಂದು ಹೇಳುವ ಕರಡುಗಳು ಒಂದರ ಮೇಲೊಂದು ಬಂದವು. ಸ್ವಾಯತ್ತ ಪ್ರಾಂತ, ಒಕ್ಕೂಟದ ಮೂರನೆಯ ಗಣರಾಜ್ಯ, ವಿಭಜನೆ, ಅಂತರರಾಷ್ಟ್ರೀಯ ಆಡಳಿತ, ಪೂರ್ಣ ಸ್ವಾತಂತ್ರ್ಯ. ಈ ಹೆಸರುಗಳ ನಡುವಿನ ಜಗಳವೇ ಯುದ್ಧಕ್ಕೆ ಕಾರಣ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಒಮ್ಮೆ ಮಾತು ತಪ್ಪಿದವನು ಅದೇ ಮಾತನ್ನು ಮತ್ತೆ ಕೊಡಲು ಬಂದರೆ ಯಾವ ಊರಿನಲ್ಲಾದರೂ ಜನ ಕೇಳುವುದು ಒಂದೇ ಪ್ರಶ್ನೆ: ಜಾಮೀನು ಯಾರು? ಕೊಸೊವೊದ ಕಾಗದಗಳು ಸೋತದ್ದು ಈ ಪ್ರಶ್ನೆಯ ಮುಂದೆ. ಪ್ರಶ್ನೆಯನ್ನು ತಪ್ಪಿಸಿಕೊಂಡ ಕರಡುಗಳನ್ನು ಕೊಸೊವೊದ ಬಹುಸಂಖ್ಯಾತರಾದ ಅಲ್ಬೇನಿಯನ್ನರು ನಂಬಲಿಲ್ಲ. ಅದಕ್ಕೆ ಉತ್ತರ ಬರೆದ ಕರಡನ್ನು ಬೆಲ್‌ಗ್ರೇಡ್ ಒಪ್ಪಲಿಲ್ಲ.

ಸೆರ್ಬರ ಅಳಲನ್ನು ಬದಿಗಿಟ್ಟು ಈ ಮಾತು ಆಡಿದರೆ ಅನ್ಯಾಯವಾದೀತು. 1974ರ ಏರ್ಪಾಡಿನಲ್ಲಿ ಕೊಸೊವೊ ಮತ್ತು ವೊಯ್ವೊದಿನಾ ಎಂಬ ಎರಡು ಪ್ರಾಂತಗಳು ಸೆರ್ಬಿಯಾದ ವ್ಯವಹಾರಗಳಲ್ಲಿ ಮತ ಹಾಕುತ್ತಿದ್ದವು. ಸೆರ್ಬಿಯಾಕ್ಕೆ ಮಾತ್ರ ಅವುಗಳ ಒಳಗೆ ಕೈಹಾಕುವ ಅಧಿಕಾರ ಇರಲಿಲ್ಲ. ಕೊಸೊವೊದ ಸೆರ್ಬರು ದಶಕಗಳಿಂದ ಗುಳೆ ಹೋಗುತ್ತಿದ್ದರು. ಬಡತನದ ಕಾರಣಕ್ಕೆ ಹೋದವರಿದ್ದರು, ನೆರೆಯವರ ಬೆದರಿಕೆಗೆ ಹೋದವರೂ ಇದ್ದರು. ಪೇಚ್, ದೇಚಾನಿ, ಗ್ರಾಚಾನಿತ್ಸಾದ ಮಠಗಳು ಸೆರ್ಬ್ ಕ್ರೈಸ್ತ ಸಂಪ್ರದಾಯದ ಎದೆಗೂಡು. ಒಟ್ಟೊಮನ್ ತುರ್ಕರ ವಿರುದ್ಧ ನಡೆದ 1389ರ ಕೊಸೊವೊ ಕದನ ಅವರ ಮನೆಮನೆಯ ನೆನಪು. 1989ರ ಜೂನ್ 28ರಂದು ಆ ಕದನದ ಆರುನೂರನೆಯ ವರ್ಷಕ್ಕೆ ಗಾಜಿಮೆಸ್ತಾನ್‌ನಲ್ಲಿ ಸೇರಿದ ಲಕ್ಷಾಂತರ ಜನರ ಮುಂದೆ ಸೆರ್ಬಿಯಾದ ನಾಯಕ ಸ್ಲೊಬೊದಾನ್ ಮಿಲೋಶೆವಿಚ್ ಭಾಷಣ ಮಾಡಿದಾಗ, ಕೇಳುತ್ತಿದ್ದವರ ನೋವು ನಿಜವಾದದ್ದೇ. ಆ ನೋವಿಗೆ ಆತ ಹಚ್ಚಿದ ಮದ್ದು ಮಾತ್ರ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಅಲ್ಬೇನಿಯನ್ನರಿದ್ದ ನಾಡನ್ನು ಪೊಲೀಸರ ಬಲದಿಂದ ಆಳುವುದಾಗಿತ್ತು.

ಅಲ್ಬೇನಿಯನ್ನರ ಮೊದಲ ಉತ್ತರ ಬಂದೂಕಾಗಿರಲಿಲ್ಲ. 1990ರ ಜುಲೈ 2ರಂದು ಬೀಗ ಜಡಿದ ಶಾಸನಸಭೆಯ ಹೊರಗೆ, ಬೀದಿಯಲ್ಲೇ ನಿಂತು, ಅಲ್ಬೇನಿಯನ್ ಸದಸ್ಯರು ಕೊಸೊವೊವನ್ನು ಯುಗೊಸ್ಲಾವಿಯಾದೊಳಗಿನ ಸಮಾನ ಗಣರಾಜ್ಯವೆಂದು ಸಾರಿದರು. ಅವರು ಅಂದು ಕೇಳಿದ್ದು ಪ್ರತ್ಯೇಕ ದೇಶವನ್ನಲ್ಲ, ಕೈತಪ್ಪಿ ಹೋಗದ ಒಂದು ಸ್ಥಾನವನ್ನು. ಯುಗೊಸ್ಲಾವಿಯಾ ಒಡೆಯತೊಡಗಿದ ಮೇಲೆ, 1991ರ ಸೆಪ್ಟೆಂಬರಿನಲ್ಲಿ, ತಾವೇ ನಡೆಸಿದ ಜನಮತ ಗಣನೆಯಲ್ಲಿ ಸ್ವಾತಂತ್ರ್ಯಕ್ಕೆ ಮತ ಹಾಕಿದರು. ಮಾನ್ಯತೆ ಕೊಟ್ಟದ್ದು ಅಲ್ಬೇನಿಯಾ ಒಂದೇ. ಯುರೋಪಿಯನ್ ಸಮುದಾಯವು ಫ್ರೆಂಚ್ ನ್ಯಾಯವೇತ್ತ ರಾಬರ್ಟ್ ಬಾದಾಂತೆರ್ ನೇತೃತ್ವದ ಆಯೋಗದ ಸಲಹೆ ಪಡೆದು ಒಂದು ಗೆರೆ ಎಳೆಯಿತು: ಒಡೆದ ಒಕ್ಕೂಟದ ಗಣರಾಜ್ಯಗಳು ದೇಶಗಳಾಗಬಹುದು, ಅವುಗಳ ಆಂತರಿಕ ಗಡಿಗಳೇ ದೇಶದ ಗಡಿಗಳು. ಪ್ರಾಂತಗಳ ಮಾತೇ ಇಲ್ಲ. ಯುಗೊಸ್ಲಾವ್ ನಾಯಕ ಟಿಟೊ ಕಾಲದ ಶಬ್ದಕೋಶದಲ್ಲಿ ಸೆರ್ಬರು, ಕ್ರೊವಾಟರು, ಸ್ಲೊವೇನರು ‘ಜನಾಂಗ’ಗಳಾದರೆ, ಹೊರಗೆ ಸ್ವಂತ ದೇಶವಿದ್ದ ಅಲ್ಬೇನಿಯನ್ನರು ‘ಜನಸಮುದಾಯ’ ಮಾತ್ರ. ಈ ಒಂದು ಪದದ ಅಂತರದಿಂದಾಗಿ, ಸುಮಾರು ಇಪ್ಪತ್ತು ಲಕ್ಷ ಜನರ ಕೊಸೊವೊಗೆ ಇಲ್ಲದ ಹಕ್ಕು ಆರು ಲಕ್ಷದಷ್ಟು ಜನರ ಮಾಂಟೆನೆಗ್ರೊಗೆ ಸಿಕ್ಕಿತು.

ಅಲ್ಬೇನಿಯನ್ ನಾಯಕ ಇಬ್ರಾಹಿಂ ರುಗೋವಾರ ನೇತೃತ್ವದಲ್ಲಿ ಮುಂದೆ ನಡೆದದ್ದು ಯುರೋಪಿನ ಇತಿಹಾಸದಲ್ಲಿ ಅಪರೂಪದ ಅಹಿಂಸಾ ಪ್ರಯೋಗ. ಕೆಲಸದಿಂದ ಕಿತ್ತುಹಾಕಿಸಿಕೊಂಡ ಮೇಷ್ಟ್ರುಗಳು ಮನೆಗಳ ಜಗಲಿಯಲ್ಲಿ, ಗ್ಯಾರೇಜುಗಳಲ್ಲಿ ಶಾಲೆ ನಡೆಸಿದರು. ಹೊರದೇಶಗಳಲ್ಲಿ ದುಡಿಯುವವರು ತಮ್ಮ ಸಂಬಳದಲ್ಲಿ ಒಂದು ಪಾಲು ಕಳಿಸಿದರು. ಈ ಕಾಲದ ಒಂದು ಕಾಗದವನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ. 1996ರ ಸೆಪ್ಟೆಂಬರ್ 1ರಂದು ರುಗೋವಾ ಮತ್ತು ಮಿಲೋಶೆವಿಚ್ ಇಬ್ಬರೂ ರುಜು ಹಾಕಿದ ಶಿಕ್ಷಣ ಒಪ್ಪಂದ ಅದು. ರೋಮಿನ ಸಂತ ಎಜಿದಿಯೊ ಎಂಬ ಕ್ಯಾಥೊಲಿಕ್ ಸಂಸ್ಥೆ ನಡುವೆ ನಿಂತು ಮಾಡಿಸಿದ್ದು. ಅಲ್ಬೇನಿಯನ್ ಮಕ್ಕಳು ಮತ್ತೆ ಶಾಲಾ ಕಟ್ಟಡಗಳಿಗೆ ಬರಬೇಕು, ಅಷ್ಟೇ ಅದರ ಸಾರ. ಸ್ಥಾನಮಾನದ ಸುದ್ದಿಯೇ ಇಲ್ಲ. ಅದು ಕೂಡ ಒಂದೂವರೆ ವರ್ಷ ಕಾಗದದಲ್ಲೇ ಉಳಿಯಿತು. ಜಾರಿ ಮಾಡದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಶಾಲೆಯ ಬಾಗಿಲು ತೆರೆಸುವಷ್ಟು ಸಣ್ಣ ಮಾತಿಗೂ ಜಾಮೀನು ಸಾಲದೆ ಹೋದ ಮೇಲೆ ಸಂವಿಧಾನದ ಮಾತನ್ನು ಯಾರು ನಂಬುತ್ತಾರೆ? ಅದಕ್ಕೂ ಹಿಂದಿನ ವರ್ಷ, 1995ರಲ್ಲಿ, ಬೋಸ್ನಿಯಾದ ಯುದ್ಧ ನಿಲ್ಲಿಸಿದ ಡೇಟನ್ ಒಪ್ಪಂದದಲ್ಲಿ ಕೊಸೊವೊಗೆ ಜಾಗವಿರಲಿಲ್ಲ. ಬಂದೂಕು ಹಿಡಿದವರಿಗೆ ಮೇಜು ಸಿಗುತ್ತದೆ, ಶಾಲೆ ನಡೆಸಿದವರಿಗೆ ಸಿಗುವುದಿಲ್ಲ ಎಂಬ ಪಾಠವನ್ನು ಹಳ್ಳಿಯ ಹುಡುಗರು ಕಲಿತರು. ಆ ಪಾಠ ಕಲಿಸಿದ ಹೊಣೆ ಪಶ್ಚಿಮದ ರಾಜಧಾನಿಗಳ ಮೇಲಿದೆ.

ಆ ನಡುವೆ ಬಂದ ಎರಡು ಸಲಹೆಗಳನ್ನು ನೆನೆಯಬೇಕು. ಇಪ್ಪತ್ತೆಂಟು ವರ್ಷ ಸೆರೆಮನೆಯಲ್ಲಿ ಕಳೆದ ಅಲ್ಬೇನಿಯನ್ ಹೋರಾಟಗಾರ ಅದೆಮ್ ದೆಮಾಚಿ, ಕೊಸೊವೊ, ಸೆರ್ಬಿಯಾ, ಮಾಂಟೆನೆಗ್ರೊ ಮೂರೂ ಸಮಾನವಾಗಿ ಸೇರುವ ‘ಬಾಲ್ಕಾನಿಯಾ’ ಎಂಬ ಸಡಿಲ ಒಕ್ಕೂಟವನ್ನು ಸೂಚಿಸಿದರು. ಅತ್ತ 1996ರಲ್ಲಿ ಸೆರ್ಬಿಯಾದ ವಿಜ್ಞಾನ ಮತ್ತು ಕಲಾ ಅಕಾಡೆಮಿಯ ಅಧ್ಯಕ್ಷ ಅಲೆಕ್ಸಾಂದರ್ ದೆಸ್ಪಿಚ್, ಶಾಂತಿಯಿಂದ ಬೇರ್ಪಡುವ ಮಾತುಕತೆಯನ್ನಾದರೂ ಆರಂಭಿಸೋಣ ಎಂದು ಬಹಿರಂಗವಾಗಿ ಹೇಳಿದರು. ಇಬ್ಬರೂ ತಮ್ಮ ತಮ್ಮ ಜನರ ಬೈಗುಳ ತಿಂದರು. ಯುದ್ಧಕ್ಕೆ ಮೊದಲು ಆಡಿದ ಈ ಮಾತುಗಳ ಬೆಲೆ ಯುದ್ಧದ ನಂತರವೇ ತಿಳಿದದ್ದು.

1997ರಲ್ಲಿ ಅಲ್ಬೇನಿಯಾದ ಚೈನ್ ಸ್ಕೀಮುಗಳು ಮುಳುಗಿ ಸರ್ಕಾರವೇ ಕುಸಿಯಿತು. ಲೂಟಿಯಾದ ಶಸ್ತ್ರಾಗಾರಗಳ ಬಂದೂಕುಗಳು ಗುಡ್ಡ ದಾಟಿ ಬಂದವು. 1998ರ ಮಾರ್ಚಿನಲ್ಲಿ ದ್ರೆನಿತ್ಸಾದ ಪ್ರೆಕಾಜ್‌ನಲ್ಲಿ ಅದೆಮ್ ಯಶಾರಿ ಎಂಬ ಬಂಡಾಯಗಾರನ ಮನೆಯನ್ನು ಸೆರ್ಬ್ ಪಡೆಗಳು ಮುತ್ತಿ, ಹೆಂಗಸರು ಮಕ್ಕಳು ಸೇರಿ ಐವತ್ತಕ್ಕೂ ಹೆಚ್ಚು ಜನರನ್ನು ಕೊಂದವು. ಅದುವರೆಗೆ ಸಣ್ಣ ಗುಂಪಾಗಿದ್ದ ಕೊಸೊವೊ ವಿಮೋಚನಾ ಸೇನೆಗೆ ಆ ನಂತರ ಊರಿಗೆ ಊರೇ ಸೇರಿತು.

ಯುದ್ಧದ ನಡುವೆ ಕರಡು ಬರೆಯುವ ಕೆಲಸ ಅಮೆರಿಕದ ರಾಯಭಾರಿ ಕ್ರಿಸ್ಟೋಫರ್ ಹಿಲ್ ಪಾಲಿಗೆ ಬಂತು. ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿ, ಇಟಲಿ, ರಷ್ಯಾ ಸೇರಿದ ಸಂಪರ್ಕ ಗುಂಪಿನ ನಿಲುವು: ಈಗಿರುವ ಸ್ಥಿತಿಯೂ ಬೇಡ, ಸ್ವಾತಂತ್ರ್ಯವೂ ಬೇಡ. 1998ರ ಅಕ್ಟೋಬರಿನಿಂದ 1999ರ ಜನವರಿವರೆಗೆ ತಿದ್ದುತ್ತ ಹೋದ ಹಿಲ್ ಕರಡುಗಳು ಕೊಸೊವೊಗೆ ಹೆಸರನ್ನೇ ಕೊಡದೆ ಮುಂದೆ ಸಾಗಿದವು. ಪ್ರಾಂತವೆನ್ನಲಿಲ್ಲ, ಗಣರಾಜ್ಯವೆನ್ನಲಿಲ್ಲ. ‘ಒಪ್ಷ್ತಿನಾ’ ಎಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕಿನಂಥ ಘಟಕ. ಅದಕ್ಕೆ ಬಹಳಷ್ಟು ಅಧಿಕಾರ ಕೊಟ್ಟು, ಅಲ್ಲಿನ ಜನಸಂಖ್ಯೆಗೆ ಅನುಪಾತವಾಗಿ ಸ್ಥಳೀಯ ಪೊಲೀಸರನ್ನು ನೇಮಿಸುವ ಯೋಜನೆ ಅದು. ಇದನ್ನು ನಾನು ಜಾಣತನದ ಬರವಣಿಗೆ ಎಂದೇ ಭಾವಿಸುತ್ತೇನೆ. ಬಾವುಟ ಯಾವುದೆಂಬ ಜಗಳ ಬಿಟ್ಟು, ರಾತ್ರಿ ಬಾಗಿಲು ಬಡಿಯುವ ಪೊಲೀಸ್ ಯಾರವನು ಎಂಬುದಕ್ಕೆ ಅದು ಉತ್ತರ ಹುಡುಕಿತು. ಆದರೆ ಮೂರು ವರ್ಷದ ನಂತರ ಏನು ಎಂಬಲ್ಲಿ ಬಂದು ನಿಂತುಬಿಟ್ಟಿತು. ಪರಿಶೀಲನೆ ನಡೆಯುತ್ತದೆ, ಆದರೆ ಯಾವ ಬದಲಾವಣೆಗೂ ಎರಡೂ ಕಡೆಯವರ ಒಪ್ಪಿಗೆ ಬೇಕು. ಎಂದರೆ ಬೆಲ್‌ಗ್ರೇಡ್ ಬೇಡವೆಂದರೆ ಮುಗಿಯಿತು. 1989ರಲ್ಲಿ ಹಿಂತೆಗೆದುಕೊಂಡವನ ಕೈಗೇ ಮತ್ತೆ ಬೀಗದ ಕೈ.

ಬೆಲ್‌ಗ್ರೇಡ್ 1998ರ ನವೆಂಬರಿನಲ್ಲಿ ತನ್ನದೇ ಯೋಜನೆ ಹೊರಡಿಸಿತು. ಸೆರ್ಬರು, ತುರ್ಕರು, ಗೊರಾನರು, ರೋಮಾಗಳು ಸೇರಿ ಎಲ್ಲ ಸಮುದಾಯಗಳೂ ಸರಿಸಮಾನ, ಯಾವ ಸಮುದಾಯದ ಮುಖ್ಯ ಹಿತಕ್ಕೂ ವಿರುದ್ಧವಾಗಿ ನಿರ್ಣಯ ಮಾಡುವಂತಿಲ್ಲ. ಓದುವಾಗ ಉದಾರವಾಗಿ ಕಾಣುತ್ತದೆ. ಸಣ್ಣ ಸಮುದಾಯಗಳಿಗೆ ರಕ್ಷಣೆ ಬೇಕೆಂಬುದರಲ್ಲಿ ತಪ್ಪೇನೂ ಇಲ್ಲ. ಆದರೆ ನಾಡಿನ ಬಹುಪಾಲು ಜನರನ್ನು ಆರೇಳು ಗುಂಪುಗಳಲ್ಲಿ ಒಂದನ್ನಾಗಿ ಎಣಿಸಿದ ಮೇಲೆ ಆ ಶಾಸನಸಭೆ ಏನನ್ನೂ ನಿರ್ಧರಿಸಲಾರದು; ನಿರ್ಧರಿಸಲಾಗದ್ದನ್ನೆಲ್ಲ ಬೆಲ್‌ಗ್ರೇಡ್ ನಿರ್ಧರಿಸುತ್ತದೆ. ಅಲ್ಬೇನಿಯನ್ನರ ಕಡೆಯಿಂದ ರುಗೋವಾರ ಆಪ್ತ, ಸಮಾಜಶಾಸ್ತ್ರಜ್ಞ ಫೆಹ್ಮಿ ಅಗಾನಿಯಂಥವರು ಮಧ್ಯದ ದಾರಿ ಹುಡುಕುತ್ತಿದ್ದರು: ಮೂರು ವರ್ಷ ಸೆರ್ಬಿಯಾದ ಹಿಡಿತದಿಂದ ಹೊರಗಿರೋಣ, ಆಮೇಲೆ ಜನರನ್ನು ಕೇಳೋಣ. ವಿಮೋಚನಾ ಸೇನೆಗೆ ಅಷ್ಟು ತಾಳ್ಮೆಯೂ ಇರಲಿಲ್ಲ.

ವಿಭಜನೆಯ ಯೋಜನೆ ಯಾವ ಅಧಿಕೃತ ಮೇಜಿಗೂ ಬರಲಿಲ್ಲ, ಆದರೆ ಯಾವಾಗಲೂ ಬಾಗಿಲ ಹಿಂದೆ ನಿಂತಿತ್ತು. ಉತ್ತರದಲ್ಲಿ ಇಬಾರ್ ನದಿಯಾಚೆ ಸೆರ್ಬರ ದಟ್ಟಣೆ ಹೆಚ್ಚು, ಟ್ರೆಪ್ಚಾದ ಸೀಸ-ಸತುವಿನ ಗಣಿಗಳಲ್ಲಿ ಕೆಲವೂ ಆ ಭಾಗದಲ್ಲೇ. ಗೆರೆ ಎಳೆದುಬಿಡೋಣ ಎಂಬುದು ವಾದ. ದೊಬ್ರಿತ್ಸಾ ಚೋಸಿಚ್‌ನಂಥ ಹೆಸರಾಂತ ಕಾದಂಬರಿಕಾರರೂ ಇದನ್ನು ಮುಂದಿಟ್ಟಿದ್ದರು. ನಕ್ಷೆ ಬಿಡಿಸಿ ನೋಡಿದರೆ ಇದರ ಟೊಳ್ಳು ಕಾಣುತ್ತದೆ. ಸೆರ್ಬರಿಗೆ ಪ್ರಾಣವಾದ ಪೇಚ್, ದೇಚಾನಿ ಮಠಗಳು ಪಶ್ಚಿಮದ ಅಂಚಿನಲ್ಲಿವೆ, ಗ್ರಾಚಾನಿತ್ಸಾ ಪ್ರಿಶ್ತಿನಾದ ಮಗ್ಗುಲಲ್ಲಿದೆ. ಕೊಸೊವೊ ಸೆರ್ಬರಲ್ಲಿ ಹೆಚ್ಚಿನವರು ಬದುಕಿದ್ದು ಇಬಾರ್‌ನ ದಕ್ಷಿಣದಲ್ಲಿ. ಎಂದರೆ, ಪವಿತ್ರ ಭೂಮಿಯೆಂದು ಹೇಳಿಕೊಂಡೇ ಪವಿತ್ರ ಸ್ಥಳಗಳನ್ನೂ ತಮ್ಮವರನ್ನೂ ಆಚೆ ಬಿಟ್ಟು ಗಣಿಯನ್ನು ಈಚೆ ಎಳೆದುಕೊಳ್ಳುವ ಗೆರೆ ಅದು.

1999ರ ಜನವರಿ 15ರಂದು ರಾಚಾಕ್ ಹಳ್ಳಿಯಲ್ಲಿ 45 ಅಲ್ಬೇನಿಯನ್ನರ ಹತ್ಯೆಯಾಯಿತು. ಯುರೋಪಿನ ಭದ್ರತಾ ಸಂಘಟನೆ ಕಳಿಸಿದ್ದ ವೀಕ್ಷಕರು ಆಗ ಕೊಸೊವೊದಲ್ಲೇ ಇದ್ದರು, ಆದರೆ ನಿರಾಯುಧರು. ನೋಡಬಲ್ಲರು, ತಡೆಯಲಾರರು. ಮೂರು ವಾರ ಕಳೆಯುತ್ತಲೇ ಪ್ಯಾರಿಸ್ ಹತ್ತಿರದ ರಾಂಬುಯೆ ಅರಮನೆಯಲ್ಲಿ ಎರಡೂ ಕಡೆಯವರನ್ನು ಕೂರಿಸಲಾಯಿತು.

ರಾಂಬುಯೆಯ ಕಾಗದ ಹಿಲ್ ಕರಡಿಗೆ ಎರಡು ಸಂಗತಿ ಸೇರಿಸಿತು. ಮೊದಲನೆಯದು ಜಾಮೀನು: ನ್ಯಾಟೊ ನೇತೃತ್ವದ ಸೇನೆ ಕೊಸೊವೊದೊಳಗೆ ಬರುತ್ತದೆ, ಯುಗೊಸ್ಲಾವ್ ಸೇನೆ ಗಡಿ ಕಾಯುವಷ್ಟಕ್ಕೆ ಇಳಿಯುತ್ತದೆ, ವಿಮೋಚನಾ ಸೇನೆ ಆಯುಧ ಕೆಳಗಿಡುತ್ತದೆ. ಎರಡನೆಯದು ಮೂರು ವರ್ಷದ ಪ್ರಶ್ನೆಗೆ ಉತ್ತರ: ಅಂತಿಮ ತೀರ್ಮಾನದ ದಾರಿ ಹುಡುಕಲು ಅಂತರರಾಷ್ಟ್ರೀಯ ಸಭೆ ಸೇರುತ್ತದೆ, ಅದು ಇತರ ಅಂಶಗಳ ಜೊತೆಗೆ ಜನರ ಇಚ್ಛೆಯನ್ನೂ ಆಧಾರವಾಗಿಟ್ಟುಕೊಳ್ಳುತ್ತದೆ. ವಿಮೋಚನಾ ಸೇನೆಯ ಹಾಶಿಮ್ ಥಾಚಿ ಮುಂದಾಳಾಗಿದ್ದ ಅಲ್ಬೇನಿಯನ್ ನಿಯೋಗಕ್ಕೆ ‘ಜನಮತ ಗಣನೆ’ ಎಂಬ ಪದ ಕಾಣಲಿಲ್ಲವೆಂಬ ಅಸಮಾಧಾನ. ಸೆರ್ಬ್ ನಿಯೋಗಕ್ಕೆ ‘ಜನರ ಇಚ್ಛೆ’ ಎಂಬ ಪದ ಕಂಡಿತೆಂಬ ಅಸಮಾಧಾನ. ಫೆಬ್ರವರಿ 23ಕ್ಕೆ ಯಾರೂ ರುಜು ಹಾಕದೆ ಎದ್ದರು. ಮಾರ್ಚ್ 18ರಂದು ಪ್ಯಾರಿಸ್‌ನಲ್ಲಿ ಅಲ್ಬೇನಿಯನ್ನರು ಮಾತ್ರ ರುಜು ಹಾಕಿದರು.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ಒಪ್ಪಂದದ ಸೇನಾ ಅಧ್ಯಾಯದ ಅನುಬಂಧವೊಂದರಲ್ಲಿ ನ್ಯಾಟೊ ಪಡೆಗಳು ಕೊಸೊವೊದಲ್ಲಷ್ಟೇ ಅಲ್ಲ, ಇಡೀ ಯುಗೊಸ್ಲಾವಿಯಾದಲ್ಲಿ ಅಡೆತಡೆಯಿಲ್ಲದೆ ಓಡಾಡಬಹುದು ಎಂದು ಬರೆದಿತ್ತು. ಯಾವ ಸ್ವತಂತ್ರ ದೇಶವೂ ಒಪ್ಪದ ಷರತ್ತು ಅದು. ಬೇಡವೆನ್ನಲೆಂದೇ ಹೆಣೆದ ಬಲೆ ಎಂದು ಟೀಕಾಕಾರರು ಹೇಳುತ್ತಾರೆ. ಆ ಷರತ್ತನ್ನು ನಾನು ಸಮರ್ಥಿಸಲಾರೆ. ಬಲಶಾಲಿಯ ಅಹಂಕಾರದ ಬರಹವದು. ಆದರೆ ಬೆಲ್‌ಗ್ರೇಡ್ ಮುರಿದುಕೊಂಡದ್ದು ಆ ಒಂದು ಷರತ್ತಿನ ಮೇಲಲ್ಲ. ಕೊಸೊವೊದೊಳಗೆ ವಿದೇಶಿ ಸೇನೆಯೇ ಬೇಡವೆಂಬುದು ಅದರ ಮೊದಲ ದಿನದ ನಿಲುವು. ಪ್ಯಾರಿಸ್‌ಗೆ ಬರುವ ಹೊತ್ತಿಗೆ ರಾಜಕೀಯ ಅಧ್ಯಾಯಗಳಲ್ಲೂ ಹೊಡೆದುಹಾಕಿದ ಸಾಲುಗಳೇ ತುಂಬಿದ ಪ್ರತಿಯನ್ನು ಹಿಂತಿರುಗಿಸಿತು. ಅನುಬಂಧ ತಿದ್ದಿ ಕೊಡಿ, ಉಳಿದದ್ದಕ್ಕೆ ಒಪ್ಪಿಗೆ ಎಂಬ ಮಾತನ್ನು ಅದು ಆಡಲೇ ಇಲ್ಲ. ಇದಕ್ಕಿಂತ ಆಳದ ದೋಷ ಬೇರೆಡೆ ಇದೆ. ನೀವು ರುಜು ಹಾಕಿ ಅವರು ಹಾಕದಿದ್ದರೆ ಬಾಂಬು ಬೀಳುತ್ತದೆ ಎಂದು ಮೊದಲೇ ಹೇಳಿಬಿಟ್ಟಿದ್ದರಿಂದ, ಅಲ್ಬೇನಿಯನ್ನರ ರುಜು ಯೋಜನೆಗೆ ಕೊಟ್ಟ ಒಪ್ಪಿಗೆಯಾಗಿ ಉಳಿಯಲಿಲ್ಲ, ವಿಮಾನಗಳಿಗೆ ಕೊಟ್ಟ ಕರೆಯಾಯಿತು. ದೆಮಾಚಿ ಈ ಮಾತುಕತೆಗೇ ಬರಲೊಪ್ಪದೆ ವಿಮೋಚನಾ ಸೇನೆಯ ರಾಜಕೀಯ ಪ್ರತಿನಿಧಿ ಸ್ಥಾನ ಬಿಟ್ಟರು. ರುಜು ಹಾಕಿದವರ ಕಣ್ಣೂ ಹಾಕದವರ ಕಣ್ಣೂ ಕಾಗದದ ಮೇಲಿರಲಿಲ್ಲ.

ಮಾರ್ಚ್ 24ರಂದು ನ್ಯಾಟೊದ ಬಾಂಬ್ ದಾಳಿ ಆರಂಭವಾಯಿತು, 78 ದಿನ ನಡೆಯಿತು. ಭದ್ರತಾ ಮಂಡಳಿಯ ಅನುಮತಿ ಇರಲಿಲ್ಲ. ನ್ಯಾಟೊ ಬಾಂಬುಗಳಿಗೆ ಸುಮಾರು 500 ನಾಗರಿಕರು ಬಲಿಯಾದರೆಂದು ಹ್ಯೂಮನ್ ರೈಟ್ಸ್ ವಾಚ್ ಎಣಿಸಿದೆ. ಅದೇ ದಿನಗಳಲ್ಲಿ ಸೆರ್ಬ್ ಪಡೆಗಳು ಎಂಟು ಲಕ್ಷಕ್ಕೂ ಹೆಚ್ಚು ಅಲ್ಬೇನಿಯನ್ನರನ್ನು ಗಡಿಯಾಚೆ ಅಟ್ಟಿದವು. ಹೊರಡುವಾಗ ಅವರ ಗುರುತಿನ ಚೀಟಿಗಳನ್ನು ಕಿತ್ತುಕೊಂಡರು, ಗಾಡಿಗಳ ನಂಬರ್ ಪ್ಲೇಟ್ ಬಿಚ್ಚಿಸಿದರು. ಕಾಗದದ ಮೇಲೆ ‘ಜನರ ಇಚ್ಛೆ’ ಎಂದು ಬರೆದದ್ದಕ್ಕೆ ನೆಲದ ಮೇಲೆ ಬಂದ ಉತ್ತರ ಅದು. ಇಚ್ಛೆ ಕೇಳಲು ಜನರೇ ಇಲ್ಲದಂತೆ, ಇದ್ದರೆಂದು ಹೇಳಲು ಚೀಟಿಯೂ ಇಲ್ಲದಂತೆ ಮಾಡುವುದು. ಮೂರು ವರ್ಷ ಕಾಯೋಣ ಎನ್ನುತ್ತಿದ್ದ ಅಗಾನಿ, ದೇಶ ಬಿಟ್ಟು ಹೋಗಲು ಹತ್ತಿದ ರೈಲು ಗಡಿಯಿಂದ ಹಿಂದಿರುಗಿದ ಮೇಲೆ, ಮೇ ತಿಂಗಳಲ್ಲಿ ಕೊಲೆಯಾದರು. ಮಧ್ಯದ ದಾರಿಯ ಮಾತಾಡುವವರನ್ನು ಯುದ್ಧ ಮೊದಲು ತೆಗೆದುಕೊಳ್ಳುತ್ತದೆ.

ಜೂನ್ 10ರಂದು ಭದ್ರತಾ ಮಂಡಳಿ 1244ನೆಯ ನಿರ್ಣಯ ಅಂಗೀಕರಿಸಿತು. ಪರವಾಗಿ 14 ಮತ, ಚೀನಾ ತಟಸ್ಥ. ಮಾರ್ಚಿನ ಕಾಗದವನ್ನೂ ಜೂನಿನ ಕಾಗದವನ್ನೂ ಎದುರುಬದುರು ಇಟ್ಟು ಓದಬೇಕು. ಇಡೀ ಯುಗೊಸ್ಲಾವಿಯಾದಲ್ಲಿ ಓಡಾಡುವ ಷರತ್ತು ಹೋಗಿದೆ. ಸೇನೆ ನ್ಯಾಟೊದ್ದೇ ಆದರೂ ವಿಶ್ವಸಂಸ್ಥೆಯ ಹೆಸರಿನಲ್ಲಿ ಬರುತ್ತದೆ, ಆಡಳಿತ ವಿಶ್ವಸಂಸ್ಥೆಯದು. ‘ಜನರ ಇಚ್ಛೆ’ಯ ಸಾಲು ನೇರವಾಗಿ ಇಲ್ಲ, ‘ರಾಂಬುಯೆ ಒಪ್ಪಂದವನ್ನು ಗಮನದಲ್ಲಿಟ್ಟು’ ಎಂಬ ಬಳಸುಮಾತಿನೊಳಗೆ ಅಡಗಿದೆ. ಮೂರು ವರ್ಷದ ಗಡುವೂ ಇಲ್ಲ. ಯುಗೊಸ್ಲಾವಿಯಾದ ಅಖಂಡತೆಗೆ ಬದ್ಧತೆ ಇದೆ, ಅದರ ಪಕ್ಕದಲ್ಲೇ ‘ಗಣನೀಯ ಸ್ವಾಯತ್ತತೆ’ಯೂ ಇದೆ. ಮಾರ್ಚಿನಲ್ಲಿ ಗಡಿಯಲ್ಲಾದರೂ ಉಳಿಯಬಹುದಾಗಿದ್ದ ಸೆರ್ಬ್ ಪಡೆಗಳು ಜೂನಿನಲ್ಲಿ ಪೂರ್ತಿ ಹೊರಗೆ. ಗಡಿ ಮತ್ತು ಮಠಗಳ ಬಳಿ ನಿಲ್ಲಲು ಸಾವಿರಗಳಲ್ಲಿ ಅಲ್ಲ, ನೂರುಗಳ ಲೆಕ್ಕದಲ್ಲಿ ಸೆರ್ಬ್ ಸಿಬ್ಬಂದಿ ಮರಳಬಹುದೆಂದು ನಿರ್ಣಯದ ಅನುಬಂಧದಲ್ಲಿ ಬರೆದರು. ಅದು ಎಂದೂ ಜಾರಿಯಾಗಲಿಲ್ಲ. ಪದಗಳಲ್ಲಿ ಆದ ಈ ಅದಲುಬದಲಿಗೆ ತೆತ್ತ ಬೆಲೆಯನ್ನು ಬೆಲ್‌ಗ್ರೇಡ್ ಮತ್ತು ಪ್ರಿಶ್ತಿನಾದ ಮಾನವೀಯ ಕಾನೂನು ಕೇಂದ್ರಗಳು ವರ್ಷಗಟ್ಟಲೆ ಕೂತು ಹೆಸರು ಹೆಸರಾಗಿ ಬರೆದಿಟ್ಟಿವೆ. 1998ರಿಂದ 2000ದವರೆಗೆ ಸತ್ತವರು, ಕಾಣೆಯಾದವರು 13,500ಕ್ಕೂ ಹೆಚ್ಚು. ಅವರಲ್ಲಿ 10,800ಕ್ಕೂ ಹೆಚ್ಚು ಅಲ್ಬೇನಿಯನ್ನರು, ಸುಮಾರು 2,200 ಸೆರ್ಬರು, ಉಳಿದವರು ರೋಮಾ ಮತ್ತಿತರರು.

ಭಾರತ ಈ ಕಥೆಯಲ್ಲಿ ಹೊರಗಿನ ಪ್ರೇಕ್ಷಕನಾಗಿ ಉಳಿಯಲಿಲ್ಲ. ಬಾಂಬ್ ದಾಳಿ ನಿಲ್ಲಿಸಬೇಕೆಂದು ರಷ್ಯಾ ಮತ್ತು ಬೆಲರೂಸ್ ಜೊತೆ ಸೇರಿ ಕರಡು ನಿರ್ಣಯ ಮಂಡಿಸಿತು. 1999ರ ಮಾರ್ಚ್ 26ರಂದು ಭದ್ರತಾ ಮಂಡಳಿಯಲ್ಲಿ ಅದು ಮೂರು ಮತಕ್ಕೆ ಹನ್ನೆರಡರಂತೆ ಬಿದ್ದುಹೋಯಿತು. 1961ರಲ್ಲಿ ಬೆಲ್‌ಗ್ರೇಡ್‌ನಲ್ಲೇ ನೆಹರೂ ಮತ್ತು ಟಿಟೊ ಕೂತು ಕಟ್ಟಿದ ಅಲಿಪ್ತ ಚಳವಳಿಯ ನೆನಪು ಅದರ ಹಿಂದಿತ್ತು. ಹೊರಗಿನವರು ಬಂದು ಗಡಿ ತಿದ್ದುವ ರೂಢಿ ಬೆಳೆದೀತೆಂಬ ಆತಂಕವೂ ಇತ್ತು. ದೆಹಲಿ ಇಂದಿಗೂ ಕೊಸೊವೊಗೆ ಮಾನ್ಯತೆ ಕೊಟ್ಟಿಲ್ಲ. ಭದ್ರತಾ ಮಂಡಳಿಯನ್ನು ಬದಿಗೊತ್ತಿದ್ದರ ವಿರುದ್ಧ ಭಾರತ ಆಡಿದ್ದು ಸರಿಯಾದ ಮಾತು. ಆದರೆ ಗಡಿಯಾಚೆ ನಡೆದುಹೋಗುತ್ತಿದ್ದ ಲಕ್ಷಾಂತರ ಜನರಿಗೆ ಬದಲಿ ಜಾಮೀನು ಏನು ಎಂಬ ಪ್ರಶ್ನೆಗೆ ಆ ಮಾತಿನಲ್ಲಿ ಉತ್ತರ ಇರಲಿಲ್ಲ ಎಂಬುದನ್ನೂ ನಾವು ಒಪ್ಪಿಕೊಳ್ಳಬೇಕು.

ಜೂನ್ ಕಳೆಯುತ್ತಿದ್ದಂತೆ ತಕ್ಕಡಿ ಬೋರಲಾಯಿತು. ಸೇಡಿನ ಬೆಂಕಿಗೆ ಹೆದರಿ ಲಕ್ಷಕ್ಕೂ ಹೆಚ್ಚು ಸೆರ್ಬರು, ರೋಮಾಗಳು ಊರು ಬಿಟ್ಟರು. ಅವರು ಓಡಿದ್ದು ನ್ಯಾಟೊ ಸೇನೆ ಒಳಗೆ ಬಂದ ಮೇಲೆ. 2004ರ ಮಾರ್ಚಿನ ಗಲಭೆಯಲ್ಲಿ 19 ಜನ ಸತ್ತರು, ಹತ್ತಾರು ಸೆರ್ಬ್ ಚರ್ಚು, ಮಠಗಳು ಸುಟ್ಟವು. ಸಾವಿರಾರು ವಿದೇಶಿ ಸೈನಿಕರು ಅಲ್ಲೇ ಇದ್ದರು. ಬಹುಸಂಖ್ಯಾತರಿಗೆ ಕೊಟ್ಟ ಜಾಮೀನು ಅಲ್ಪಸಂಖ್ಯಾತರ ಬಾಗಿಲಿಗೆ ಬರುವಾಗ ಸವೆದುಹೋಗಿತ್ತು. 1999ರಲ್ಲಿ ಅಲ್ಬೇನಿಯನ್ನರ ಪರ ನಿಂತ ಮನಸ್ಸುಗಳೆಲ್ಲ ಆ ಬೇಸಿಗೆಯಲ್ಲಿ, ಆ ಮಾರ್ಚಿನಲ್ಲಿ ಇನ್ನಷ್ಟು ಗಟ್ಟಿಯಾಗಿ ದನಿ ಎತ್ತಬೇಕಿತ್ತು.

2007ರಲ್ಲಿ ವಿಶ್ವಸಂಸ್ಥೆಯ ದೂತ, ಫಿನ್ಲೆಂಡಿನ ಮಾರ್ಟಿ ಅಹ್ತಿಸಾರಿ ಕೊಟ್ಟ ಯೋಜನೆ ಮೇಲ್ವಿಚಾರಣೆಯ ಸ್ವಾತಂತ್ರ್ಯವನ್ನು ಸೂಚಿಸಿತು, ಜೊತೆಗೆ ಸೆರ್ಬ್ ಪುರಸಭೆಗಳಿಗೆ ವಿಶೇಷಾಧಿಕಾರ, ಮಠಗಳ ಸುತ್ತ ರಕ್ಷಿತ ವಲಯ. 2008ರ ಫೆಬ್ರವರಿ 17ರಂದು ಕೊಸೊವೊ ಸ್ವಾತಂತ್ರ್ಯ ಸಾರಿತು. ಆ ಘೋಷಣೆ ಅಂತರರಾಷ್ಟ್ರೀಯ ಕಾನೂನನ್ನು ಮೀರಿಲ್ಲವೆಂದು 2010ರಲ್ಲಿ ಹೇಗ್‌ನ ನ್ಯಾಯಾಲಯ ಅಭಿಪ್ರಾಯ ಕೊಟ್ಟಿತು, ಹತ್ತಕ್ಕೆ ನಾಲ್ಕರ ಬಹುಮತದಲ್ಲಿ. 2013ರಲ್ಲಿ ಬ್ರಸೆಲ್ಸ್‌ನಲ್ಲಿ ಸೆರ್ಬ್ ಬಹುಸಂಖ್ಯಾತ ಪುರಸಭೆಗಳ ಒಂದು ಸಂಘ ಕಟ್ಟಲು ಪ್ರಿಶ್ತಿನಾ ಮಾತು ಕೊಟ್ಟಿತು. ಸಂಘ ಎಂದರೂ ಒಂದು ಬಗೆಯ ಸ್ವಾಯತ್ತತೆಯೇ. ಹತ್ತು ವರ್ಷ ಕಳೆದ ಮೇಲೂ ಆ ಸಂಘ ಹುಟ್ಟಿರಲಿಲ್ಲ. ತಡಕ್ಕೆ ಪ್ರಿಶ್ತಿನಾ ಕೊಡುವ ಕಾರಣಗಳು ನಿರ್ಲಕ್ಷಿಸುವಂಥವಲ್ಲ: ಅದರ ಸಂವಿಧಾನ ನ್ಯಾಯಾಲಯ ಕೆಲವು ಅಂಶಗಳಿಗೆ ತಕರಾರೆತ್ತಿದೆ, ಬೆಲ್‌ಗ್ರೇಡ್ ಆ ಸಂಘವನ್ನು ದೇಶದೊಳಗಿನ ದೇಶವಾಗಿಸೀತೆಂಬ ಭಯವೂ ಇದೆ. ಆದರೆ ನಾವು ಕೊಟ್ಟ ಅಧಿಕಾರ ನಮ್ಮನ್ನೇ ಒಡೆದೀತು ಎಂಬ ಇದೇ ಭಯವನ್ನು 1989ರಲ್ಲಿ ಬೆಲ್‌ಗ್ರೇಡ್ ಹೇಳಿತ್ತು. 2023ರ ಮೇ 29ರಂದು ಉತ್ತರದ ಜ್ವೆಚಾನ್‌ನಲ್ಲಿ ಸೆರ್ಬ್ ಗುಂಪುಗಳೂ ನ್ಯಾಟೊ ಸೈನಿಕರೂ ಕೈಕೈ ಮಿಲಾಯಿಸಿ ಹಲವಾರು ಸೈನಿಕರು ಗಾಯಗೊಂಡದ್ದು ಇದೇ ಜಗಳದ ಮುಂದುವರಿಕೆ.

ದೇಚಾನಿ ಮಠದ ಬಾಗಿಲಲ್ಲಿ ನ್ಯಾಟೊ ಕಾವಲು ಇವತ್ತಿಗೂ ಇದೆ. ಮಠದ ಸುತ್ತಲಿನ ಸುಮಾರು 24 ಹೆಕ್ಟೇರ್ ಜಮೀನು ಮಠಕ್ಕೇ ಸೇರಿದ್ದೆಂದು 2016ರಲ್ಲಿ ತೀರ್ಪು ಕೊಟ್ಟದ್ದು ಕೊಸೊವೊದ ಸಂವಿಧಾನ ನ್ಯಾಯಾಲಯವೇ. ಭೂದಾಖಲೆಯಲ್ಲಿ ಮಠದ ಹೆಸರು ಬರೆಯಲು ಸ್ಥಳೀಯ ಕಚೇರಿಗೆ ಎಂಟು ವರ್ಷ ಹಿಡಿಯಿತು. ಕೊಸೊವೊ ಯುರೋಪ್ ಪರಿಷತ್ತಿನ ಸದಸ್ಯತ್ವಕ್ಕೆ ಪ್ರಯತ್ನಿಸುತ್ತಿದ್ದ 2024ರ ಮಾರ್ಚಿನಲ್ಲಿ, ಹೊರಗಿನವರು ಬಾಗಿಲಲ್ಲಿ ನಿಂತು ಕೇಳಿದ ಮೇಲೆ, ಆ ಹೆಸರು ದಾಖಲಾಯಿತು.